ಐಸ್ ಫ್ಯಾಕ್ಟರಿಯ ಕರಡಿ

ಜವಾಬಿ ಕಾರ್ಡು ಅಂದರೆ ಜೋಡಿ ಪೋಸ್ಟ್‌ಕಾರ್ಡು. ಒಂದರಲ್ಲಿ ನಾವು ಬರೆಯುವುದು, ಇನ್ನೊಂದರಲ್ಲಿ ಅವರು ಉತ್ತರ ಬರೆದು ಡಬ್ಬಿಗೆ ಹಾಕುವುದು. ಬೆಲೆ ಒಂದು ರೂಪಾಯಿ. ಅಂಥವು ನೂರಿಪ್ಪತ್ತು ಕೊಂಡೆವು. ಆಟೋಗೆ ಅರವತ್ತು. ಫೋಟೋ ಸ್ಟುಡಿಯೋದವನ ಬಾಯಿ ಬಿಡಿಸಲು ಮೂರು ಪಾನ್, ಹದಿನೈದು. ಭೂತಗನ್ನಡಿ ಮೂವತ್ತೈದು. ಒಟ್ಟು ಇನ್ನೂರ ಮೂವತ್ತು ರೂಪಾಯಿ. ಇಷ್ಟೂ ಖರ್ಚಾದದ್ದು ಒಂದು ತಗಡಿನ ಕರಡಿಯನ್ನು ಹುಡುಕಲು. ಅದೂ ನಾನು ಕಾಶಿಗೆ ಬರುವ ಮೂರು ವರ್ಷ ಮೊದಲೇ ಗುಜರಿಗೆ ಹೋಗಿದ್ದ ಕರಡಿ.

ಇದು ೨೦೦೪ರ ಮಾತು. ನಮ್ಮದು ಹನುಮಾನ್ ಘಾಟಿನ ಗಲ್ಲಿ. ನಮ್ಮವರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುತ್ತಾರೆ. ನಾನು ಅವರಿಗೆಲ್ಲ ಅಡಿಗೆ ಮಾಡಿ ಹಾಕುತ್ತೇನೆ. ಹೆಸರು ತುಳಸಮ್ಮ. ನಾಲ್ಕನೇ ಇಯತ್ತೆ ಓದಿದವಳು. ಆದರೆ ಬಾಗಿಲಲ್ಲಿ ನಿಂತ ಯಾತ್ರಿಕನ ಚಪ್ಪಲಿ ನೋಡಿ ಎಷ್ಟು ಅನ್ನ ಉಣ್ಣುತ್ತಾನೆಂದು ಹೇಳಬಲ್ಲೆ.

ಪಕ್ಕದ ಮನೆಯವರು ಕೊಟ್ಟೂರಯ್ಯ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಕೊಟ್ಟೂರಿನ ಕಡೆಯಿಂದ ಇಲ್ಲಿನ ಮಠದ ಸೇವೆಗೆಂದು ಬಂದವರು, ಹದಿನೆಂಟಕ್ಕೆ ಮಠದ ಒಲೆ ಬಿಟ್ಟು ಭೇಲೂಪುರದ ಐಸ್ ಫ್ಯಾಕ್ಟರಿ ಸೇರಿದರು. 'ಬೆಂಕಿ ಮುಂದ ಆರು ವರ್ಷ ಕುಂತಿದ್ದೆ ತಾಯಿ, ಆಮ್ಯಾಗ ಮಂಜುಗಡ್ಡಿ ಮುಂದ ಇಪ್ಪತ್ತೆರಡು ವರ್ಷ. ಲೆಕ್ಕ ಸಮ ಆತು' ಎನ್ನುತ್ತಿದ್ದರು. ಆಗ ಅವರಿಗೆ ಎಪ್ಪತ್ತಾರು. ದಿನಾ ಬೆಳಿಗ್ಗೆ ಒಬ್ಬರೇ ದಶಾಶ್ವಮೇಧದವರೆಗೆ ನಡೆದು, ಚಹಾ ಕುಡಿದು, ಭೋಜ್‌ಪುರಿಯಲ್ಲಿ ಜಗಳವಾಡಿ ಅಗ್ಗಕ್ಕೆ ಸೊಪ್ಪು ತರುತ್ತಿದ್ದರು. ಅರ್ಧ ಅವರ ಮನೆಗೆ, ಅರ್ಧ ನನ್ನ ಅಡಿಗೆಮನೆಗೆ.

ಆ ವರ್ಷ ಗಣೇಶನ ಹಬ್ಬ ಕಳೆದ ವಾರ ಅವರಿಗೆ ಜ್ವರ ಬಂತು. ಮಗ ಪ್ರಕಾಶ ಭೇಲೂಪುರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಜ್ವರಕ್ಕೆ ಮದ್ದು ಕೊಟ್ಟ ಮೇಲೆ ಆ ಡಾಕ್ಟರು, ವಯಸ್ಸಾದವರನ್ನು ಕೇಳುವ ಕೆಲವು ಪ್ರಶ್ನೆ ಕೇಳಿದರಂತೆ.

'ಬಾಬಾ, ಇವತ್ತು ಯಾವ ದಿನ?'

'ದ್ವಾದಶಿ.'

'ಈಗ ಎಷ್ಟು ಹೊತ್ತು?'

'ಕರಡಿ ಕೂಗೋ ಹೊತ್ತು.'

'ನೀವೀಗ ಎಲ್ಲಿದ್ದೀರಿ, ಗೊತ್ತೇ?'

'ಗೊತ್ತಿಲ್ದ ಏನು! ಕರಡಿ ಕೆಳಗ.'

ಡಾಕ್ಟರು ಚೀಟಿ ತುಂಬ ಬರೆದರು. ಬುದ್ಧಿ ಕದಲಿದೆ, ಒಬ್ಬರನ್ನೇ ಹೊರಗೆ ಬಿಡಬೇಡಿ, ಈ ಮಾತ್ರೆ ದಿನಕ್ಕೆರಡು, ಎರಡೂವರೆ ತಿಂಗಳ ಮೇಲೆ ಮತ್ತೆ ತೋರಿಸಿ, ಕಡಿಮೆಯಾಗದಿದ್ದರೆ ಮಾತ್ರೆ ಜಾಸ್ತಿ ಮಾಡೋಣ. ಪ್ರಕಾಶ ಕೆಲಸಕ್ಕೆ ಹೋಗುವಾಗ ಬೀದಿ ಬಾಗಿಲಿಗೆ ಬೀಗ ಹಾಕಲು ಶುರುಮಾಡಿದ.

ಮೂರನೇ ದಿನ ನಾನು ಕಿಟಕಿಯ ಹತ್ತಿರ ಹೋದೆ. ಸರಳು ಹಿಡಿದುಕೊಂಡು ನಿಂತಿದ್ದರು. ಮಾತ್ರೆಯ ಮಂಪರಿನಲ್ಲಿ ಕಣ್ಣು ಅರ್ಧ ಮುಚ್ಚಿದ್ದವು.

'ಏನು ಅಯ್ಯನೋರೇ, ಮೃಗಾಲಯದ ಹಾಗಿದೆಯಲ್ಲ?'

'ಮೃಗ ಹೊರಗಿಲ್ಲ ಅಂತಾನ ನನ್ನ ಒಳಗ ಇಟ್ಟಾರ ತಾಯಿ' ಎಂದು ನಕ್ಕರು. 'ಆ ದವಾಖಾನಿ ಕಟ್ಟ್ಯಾರಲ್ಲ, ಅದೇ ನಮ್ಮ ಫ್ಯಾಕ್ಟರಿ ಜಾಗ. ಚಾವಣಿ ಮ್ಯಾಲೆ ತಗಡಿನ ಬಿಳಿ ಕರಡಿ, ಎರಡಾಳೆತ್ತರ. ಬಾಯ್ಲರಿನ ಸೀಟಿ ಕೊಳವಿ ಅದರ ಬಾಯಾಗ ಇಟ್ಟಿದ್ರು. ನಡುಮಧ್ಯಾಹ್ನ ಬಾಯಿಂದ ಹೊಗಿ ಬಿಟ್ಟು ಕೂಗೋದು. ನಾವು ಊಟಕ್ಕ ಬಿಡೋದು. ನಾನು ಚ್ಯಾಷ್ಟಿಗೆ ಅಂದೆ, ಅವ ಬರಕೊಂಡ.'

'ಚ್ಯಾಷ್ಟಿ ಮಾಡುವ ಮುಂಚೆ ಕೈಯಲ್ಲಿ ಪೆನ್ನಿದೆಯೋ ಇಲ್ಲವೋ ನೋಡಬೇಕು' ಎಂದೆ.

ಪ್ರಕಾಶ ಕೆಟ್ಟವನಲ್ಲ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಾನೆ. ಸಂಜೆ ಅವನನ್ನು ತಡೆದು ಕೇಳಿದೆ.

'ಅರೆ ಚಾಚೀ, ಬೀಗ ಹಾಕೋದು ನನಗೇನು ಮಜಾನಾ? ಗಲ್ಲಿ ತುಂಬ ಮೋಟರ್‌ಸೈಕಲ್ಲು, ಗೂಳಿ. ಎಲ್ಲಾದ್ರೂ ಹೋಗಿ ಕರಡಿ ಹುಡುಕ್ತಾ ನಿಂತರೆ? ನಾನು ಹುಟ್ಟಿದ ವರ್ಷ ಆ ಫ್ಯಾಕ್ಟರಿ ಕೆಡವಿದ್ದು. ನಾನಂತೂ ಯಾವ ಕರಡೀನೂ ನೋಡಿಲ್ಲ.'

'ಕರಡಿ ಇತ್ತು ಅಂತ ಗೊತ್ತಾದರೆ?'

'ಸಬೂತು ತನ್ನಿ. ಒಂದು ಫೋಟೋ ತೋರಿಸಿ. ಡಾಕ್ಟರ ಮುಂದೆ ಇಡ್ತೀನಿ. ಅವರು ಹ್ಞೂಂ ಅಂದ ದಿನವೇ ಬೀಗ ಗಂಗೆಗೆ.'

ಹೀಗೆ ನನ್ನ ಕೆಲಸ ಶುರುವಾಯಿತು. ಮೊದಲು ಬಾಯಿಮಾತಿನ ಸಾಕ್ಷಿ ಹುಡುಕಿದೆ. ಕಾಶಿಯವರಿಗೆ 'ಗೊತ್ತಿಲ್ಲ' ಎಂಬ ಮಾತು ಬರುವುದಿಲ್ಲ. ಭೇಲೂಪುರದಲ್ಲಿ ಹನ್ನೊಂದು ಮುದುಕರನ್ನು ಕೇಳಿದೆ. ಪಾನಿನವನು ಅದು ಆನೆ ಎಂದ. ಹಾಲಿನವನು ಸಿಂಹ ಎಂದ. ಒಬ್ಬರು ಎದೆ ತಟ್ಟಿ ಅದು ನಿಜವಾದ ಕರಡಿಯೇ, ರಷ್ಯಾದಿಂದ ತರಿಸಿದ್ದು, ನಾನೇ ಜಿಲೇಬಿ ತಿನ್ನಿಸಿದ್ದೆ ಎಂದರು. ಇನ್ನೊಬ್ಬರು ಫ್ಯಾಕ್ಟರಿ ಇದ್ದದ್ದು ಸಾರನಾಥದಲ್ಲಿ ಎಂದರು. ಪ್ರಕಾಶನಿಗೆ ಹೇಳಿದರೆ 'ಹನ್ನೊಂದು ಜನ, ಒಂಬತ್ತು ಪ್ರಾಣಿ! ಈಗ ಇವರಿಗೆಲ್ಲ ಮಾತ್ರೆ ಕೊಡಿಸೋಣವಾ ಚಾಚೀ?' ಎಂದ.

ಆಮೇಲೆ ಹಳೆಯ ಸ್ಟುಡಿಯೋ ಒಂದಕ್ಕೆ ಹೋದೆ. ಮೂರು ಪಾನ್ ಜಗಿದು ಮುಗಿಸಿದ ಮೇಲೆ ಯಜಮಾನ ಹೇಳಿದ, ತಾತನ ಕಾಲದ ಗಾಜಿನ ಪ್ಲೇಟುಗಳನ್ನೆಲ್ಲ ತೊಳೆದು ಕಕ್ಕಸಿನ ಕಿಟಕಿಗೆ ಹಾಕಿಸಿದೆವು ಎಂದು. ಬೇಕಾದರೆ ಕಿಟಕಿ ನೋಡಿ ಎಂದ. ನೋಡಿದೆ, ಯಾಕೆ ಬಿಡಬೇಕು! ಬೆಳಕಷ್ಟೇ ಬರುತ್ತಿತ್ತು. ಪತ್ರಿಕೆಯ ಕಚೇರಿಯಲ್ಲೂ ಕೇಳಿದೆ. ಮಂತ್ರಿಗಳು ರಿಬ್ಬನ್ ಕತ್ತರಿಸಿದ್ದರೆ ಫೋಟೋ ಇರುತ್ತಿತ್ತು, ಮಂಜುಗಡ್ಡೆಯನ್ನು ಯಾರು ತೆಗೆಯುತ್ತಾರೆ ಎಂದರು.

ದಸರೆಗೆ ಮನೆ ಧೂಳು ಹೊಡೆಯುವಾಗ ದಾರಿ ಸಿಕ್ಕಿತು. ನಮ್ಮವರ ಸೋದರಮಾವ ವೇದವ್ಯಾಸಾಚಾರ್ಯರು ಮೊದಲು ಈ ಪೌರೋಹಿತ್ಯ ನಡೆಸುತ್ತಿದ್ದರು. ಮಕ್ಕಳಿರಲಿಲ್ಲ, ಅವರು ಹೋದ ಮೇಲೆ ೧೯೭೧ರಲ್ಲಿ ನಾವು ಬಂದೆವು. ಅವರು ಯಾತ್ರಿಕರ ಜೊತೆ ನಿಂತ ಒಂದು ಫೋಟೋ ನಡುಮನೆಯಲ್ಲಿದೆ. ಹಿಂದೆ ಬರೀ ಬಿಳಿ ಗೋಡೆ. ಅದನ್ನು ಒರೆಸಲು ಅಂಗಳಕ್ಕೆ ತಂದಿದ್ದೆ. ಪಕ್ಕದ ಕಿಟಕಿಯಿಂದ ಕೂಗು ಬಂತು.

'ಏ ತಾಯೀ! ಅದು ನಮ್ಮ ಗೋಡಿ!'

'ಯಾವ ಗೋಡೆ?'

'ಫ್ಯಾಕ್ಟರಿ ಗೋಡಿ! ವರ್ಷಕ್ಕೆರಡು ಸಲ ನಾನೇ ಸುಣ್ಣ ಬಳದೀನಿ. ಬೆಳಕು ಛಂದ ಬೀಳತದಂತ ಫೋಟೋದವ ನಿಮ್ಮ ಯಾತ್ರಿಕರನ್ನ ಎಲ್ಲಾ ಅಲ್ಲೇ ತಂದು ನಿಲ್ಲಿಸ್ತಿದ್ದ. ಪಡದೆ ಖರ್ಚು ಉಳೀತಿತ್ತು ಸೂಳಿಮಗಂಗ... ತಪ್ಪಾತು ತಾಯಿ. ಮ್ಯಾಲೆ ಕರಡಿ ಐತಿ. ಅವ ಕತ್ತರಿಸ್ಯಾನ.'

ಇಬ್ಬರಿಗೂ ಒಟ್ಟಿಗೇ ನಗು ಬಂತು. ನಾನು ಊರೆಲ್ಲ ಹುಡುಕಿದ ಫ್ಯಾಕ್ಟರಿಯ ಗೋಡೆ ಕರ್ನಾಟಕದ ಮನೆಮನೆಯಲ್ಲಿ ಗಂಧದ ಹಾರ ಹಾಕಿಸಿಕೊಂಡು ತೂಗುತ್ತಿತ್ತು! ಯಾತ್ರೆ ಮುಗಿಸಿದವರು ಪುರೋಹಿತರ ಜೊತೆ ಒಂದು ಫೋಟೋ ತೆಗೆಸಿಕೊಳ್ಳದೆ ರೈಲು ಹತ್ತುತ್ತಿರಲಿಲ್ಲ. ಅವರ ಊರು, ಮನೆತನ ಎಲ್ಲ ನಮ್ಮ ವಹಿಗಳಲ್ಲಿ ಇವೆ. ಮಾವನವರು ನಲವತ್ತೆಂಟನೇ ಇಸವಿಯಿಂದ ಬರೆದಿಟ್ಟ ಐದು ಕೆಂಪು ಪುಸ್ತಕ. ನೂರಿಪ್ಪತ್ತು ಮನೆಗಳನ್ನು ಆರಿಸಿದೆ.

ಕಾರ್ಡು ಬರೆಯಲು ನಮ್ಮವರನ್ನು ಕೂರಿಸಿದ್ದೇ ತಪ್ಪಾಯಿತು. 'ನಿಮ್ಮ ಮನೆಯ ಕಾಶಿ ಫೋಟೋದಲ್ಲಿ ಕರಡಿ ಇದೆಯೇ' ಎಂದು ಬರೆಯಿರಿ ಎಂದರೆ ಕೇಳಲಿಲ್ಲ.

'ಪುರೋಹಿತನಾದವನು ಮೊದಲ ಸಾಲಿಗೇ ಕರಡಿ ಬಿಡಲಿಕ್ಕಾಗುತ್ತದೆಯೇನೇ? ಒಂದು ಪೀಠಿಕೆ ಬೇಡವೇ?'

ಪೀಠಿಕೆ ಹೀಗಿತ್ತು: 'ತಮ್ಮ ಹಿರಿಯರು ಇಲ್ಲಿ ಕೈಗೊಂಡ ಕಾಶೀಯಾತ್ರೆಗೆ ಸಂಬಂಧಿಸಿ ಇಷ್ಟು ವರ್ಷಗಳ ನಂತರ ಒಂದು ವಿಷಯ ವಿಚಾರಣೆಗೆ ಬಂದಿದೆ. ದಯವಿಟ್ಟು ಸತ್ಯವನ್ನು ತಿಳಿಸುವುದು.' ಫೋಟೋದ ಮಾತು ಕೊನೆಯಲ್ಲಿ, ಜಾಗ ಸಾಲದೆ ಇರುವೆ ಸಾಲಿನಂಥ ಅಕ್ಷರದಲ್ಲಿ. ಆದದ್ದಾಗಲಿ ಎಂದು ಡಬ್ಬಿಗೆ ಹಾಕಿಸಿದೆ.

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಕಾಯಿಯೋ ಹಣ್ಣೋ ಗಂಗೆಯ ದಡದಲ್ಲಿ ಬಿಟ್ಟು ಹೋಗುವ ಪದ್ಧತಿ ಉಂಟಲ್ಲ. ಬಿಟ್ಟ ಮೇಲೆ ಸಾಯುವ ತನಕ ತಿನ್ನುವ ಹಾಗಿಲ್ಲ. ಹದಿನೈದು ದಿನಕ್ಕೆ ಉತ್ತರಗಳು ಬರತೊಡಗಿದವು. ನಮ್ಮವರು ಮೊದಲ ಕಾರ್ಡು ಓದಿ ಬೆವರಿದರು.

'ಪೂಜ್ಯರೇ, ತಮಗೆ ಹೇಗೆ ತಿಳಿಯಿತೋ ಕಾಣೆ. ನಮ್ಮ ತಂದೆ ಕಾಶಿಯಲ್ಲಿ ಬದನೆಕಾಯಿ ಬಿಟ್ಟಿದ್ದು ನಿಜ. ಅರವತ್ತೆರಡರಲ್ಲಿ ತಂಗಿಯ ಮದುವೆಯಲ್ಲಿ ತಿಂದದ್ದೂ ನಿಜ.'

ಎರಡನೆಯದು: 'ನಮ್ಮಜ್ಜಿ ಹಲಸಿನಹಣ್ಣು ಬಿಟ್ಟಿದ್ದರು. ಹಪ್ಪಳ ಲೆಕ್ಕಕ್ಕೆ ಬರುತ್ತದೆಯೇ?'

ಮೂರನೆಯದು: 'ನಮ್ಮ ಅಜ್ಜ ತರಕಾರಿ ಬಿಡದೆ ಸಿಟ್ಟು ಬಿಟ್ಟರಂತೆ. ಇಟಾರ್ಸಿ ಸ್ಟೇಷನ್ನಿನಲ್ಲಿ ಕೂಲಿಯವನ ಮೇಲೆ ಮತ್ತೆ ಹಿಡಿದರಂತೆ. ಕ್ಷಮಿಸಬೇಕು.'

ವಾರದಲ್ಲಿ ನಲವತ್ತು ತಪ್ಪೊಪ್ಪಿಗೆ! ನಾಲ್ಕು ರಾಜ್ಯ ದಾಟಿ ಬದನೆಕಾಯಿ, ಹೀರೇಕಾಯಿ, ಸೀಬೆಹಣ್ಣು ನಮ್ಮ ಬಾಗಿಲಿಗೆ ಬಂದು ಬಿದ್ದವು. ಅಂಚೆಯವನು ಕನ್ನಡ ಬಾರದಿದ್ದರೂ ನಮ್ಮ ನಗು ನೋಡಿ ತಾನೂ ನಗುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ಕೊಟ್ಟೂರಯ್ಯನವರಿಗೆ ಒಂದೊಂದನ್ನೇ ಓದಿ ಹೇಳುತ್ತಿದ್ದೆ. ಮಾತ್ರೆಯ ಮಂಪರಿನಲ್ಲೂ ಅವರು ಸರಳು ಹಿಡಿದು ಅಲ್ಲಾಡಿ ಅಲ್ಲಾಡಿ ನಕ್ಕರು. ನಮ್ಮವರು ಮಾತ್ರ ಗಂಭೀರವಾಗಿ ಪ್ರಾಯಶ್ಚಿತ್ತದ ಪಟ್ಟಿ ಮಾಡಲು ಕೂತರು.

'ಏಳಿ ಅಲ್ಲಿಂದ' ಎಂದೆ. 'ತಿಂದವರು ಸ್ವರ್ಗದಲ್ಲಿದ್ದಾರೆ. ಸ್ವರ್ಗಕ್ಕೆ ಬದನೆಕಾಯಿ ಅಡ್ಡ ಬರಲಿಲ್ಲ ಅಂದ ಮೇಲೆ ನೀವು ಯಾಕೆ ಅಡ್ಡ?'

ಫೋಟೋ ಕಳಿಸಿದವರು ಮೂವರೇ. ಒಂದರಲ್ಲಿ ಗೋಡೆ ಮಾತ್ರ. ಇನ್ನೊಂದರಲ್ಲಿ ಗೋಡೆ, ಅದರ ಮುಂದೆ ಒಂದು ಆಡು. ಮೂರನೆಯದರಲ್ಲಿ, ಭೂತಗನ್ನಡಿ ಹಿಡಿದು ನೋಡಿದರೆ, ಮೇಲಿನ ಅಂಚಿನಲ್ಲಿ ಎರಡು ಬಿಳಿ ಪಾದ. ಪ್ರಕಾಶನನ್ನು ಕರೆದೆ.

'ಚಾಚೀ, ಇದು ಗೋಧಿ ಹಿಟ್ಟಿನ ಮೂಟೆಯೂ ಇರಬಹುದು.'

'ಚಾವಣಿ ಮೇಲೆ ಯಾರಯ್ಯಾ ಹಿಟ್ಟಿನ ಮೂಟೆ ಇಡುತ್ತಾರೆ?'

'ಚಾವಣಿ ಮೇಲೆ ಯಾರು ಕರಡಿ ಇಡ್ತಾರೆ?'

ಅವನ ಮಾತೂ ಸರಿ. ದೀಪಾವಳಿ ಕಳೆಯಿತು. ಕಿಟಕಿಯ ಹತ್ತಿರ ಕೊಟ್ಟೂರಯ್ಯನವರು ನಿಲ್ಲುವುದು ಕಡಿಮೆಯಾಯಿತು. ಕೂತಲ್ಲೇ ತೂಕಡಿಸುತ್ತಿದ್ದರು. ಒಂದು ದಿನ 'ಕರಡಿ ಇತ್ತೋ ಇಲ್ಲೋ, ಈಗ ನನಗೂ ಡೌಟು ಬರಾಕತ್ತೈತಿ ತಾಯಿ' ಎಂದರು. ಅವತ್ತು ನನಗೆ ನಗು ಬರಲಿಲ್ಲ. ಡಾಕ್ಟರ ಹತ್ತಿರ ಹೋಗಲು ಹತ್ತು ದಿನ ಉಳಿದಿತ್ತು.

ಆರನೇ ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ರಿಕ್ಷಾ ನಿಂತಿತು. ಇಳಿದವರು ಎಪ್ಪತ್ತರ ಹತ್ತಿರದ ಹೆಂಗಸು, ಕಚ್ಚೆ ಸೀರೆ, ಕೈಯಲ್ಲಿ ಹಿತ್ತಾಳೆ ಡಬ್ಬಿ.

'ಆಚಾರ್ಯರ ಮನಿ ಇದೇ ಏನ್ರೀ? ನಾನು ರಾಯಚೂರಿನ ಕಾತ್ಯಾಯನಿಬಾಯಿ. ನಿಮ್ಮ ಕಾರ್ಡು ಬಂತು. ಬರದು ತಿಳಿಸೋದಲ್ಲ ಇದು ಅಂತ ಖುದ್ದ ಬಂದೆ.'

ಎರಡು ದಿನದ ರೈಲು ಪ್ರಯಾಣ ಮಾಡಿ ಬಂದಿದ್ದರು. ಕಾಫಿ ಕೊಟ್ಟೆ. ಲೋಟ ಕೆಳಗಿಡದೆ ಅಳಲು ಶುರುಮಾಡಿದರು.

'ನಮ್ಮ ಮಾವನೋರು ಐವತ್ತೊಂಬತ್ತರಾಗ ಬದನಿಕಾಯಿ ಬಿಟ್ಟಿದ್ರು. ಊರಿಗೆ ಬಂದು ಎಂಟು ದಿನಕ್ಕ ನಾನು ಹೊಸಾ ಸೊಸಿ, ಗೊತ್ತಿಲ್ದ ಎಣ್ಣಿಗಾಯಿ ಮಾಡಿ ಬಡಸಿದೆ. ಅವರು ಸುಮ್ನ ಉಂಡ್ರು. ಸೊಸಿ ಮನಸು ನೋಯಬಾರದು ಅಂತ. ನಲವತ್ತೈದು ವರ್ಷ ಎದ್ಯಾಗ ಇಟ್ಗೊಂಡೀನ್ರೀ.'

ನಮ್ಮವರು ಬಾಯಿ ತೆರೆದರು. ಏನು ಶಾಸ್ತ್ರ ಹೇಳುತ್ತಾರೋ ಎಂದು ನಾನು ಕಣ್ಣು ಬಿಟ್ಟೆ. ಆದರೆ ಅವರು ಮೆಲ್ಲಗೆ ಹೇಳಿದರು: 'ಬಾಯಿಯವರೇ, ಬಿಟ್ಟದ್ದು ಬದನೆಕಾಯಿ. ತಿಂದದ್ದು ಸೊಸೆಯ ಪ್ರೀತಿ. ಅದನ್ನು ಅವರು ಬಿಟ್ಟಿರಲಿಲ್ಲವಲ್ಲ.' ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಮ್ಮವರ ಬಗ್ಗೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಬಾಯಿಯವರು ಕಣ್ಣೊರೆಸಿಕೊಂಡು ಡಬ್ಬಿ ತೆಗೆದರು. 'ಫೋಟೋನೂ ಕೇಳಿದ್ರಿ. ಇದು ತೋರಿಸಲಿಕ್ಕೆ ನಾಚಿಕಿ ಆಗ್ತದ. ಫೋಟೋದವಗ ರೊಕ್ಕ ಯಾಕಂತ ನಮ್ಮ ಮನಿಯವರು ತಮ್ಮ ಡಬ್ಬಿ ಕ್ಯಾಮೆರಾದಾಗ ತಾವೇ ತಗದಿದ್ರು. ಗ್ವಾಡಿಗೆ ಹಾಕೋ ಹಂಗಿಲ್ಲ. ಹಿರಿಯರ ಮಾರಿನೇ ಬಂದಿಲ್ಲ.'

ನಿಜ, ಬಂದಿರಲಿಲ್ಲ. ಚಿತ್ರದ ಬುಡದಲ್ಲಿ ಎರಡು ರುಮಾಲು, ಒಂದು ಬೋಳುತಲೆ, ಒಂದು ಸೆರಗಿನ ತುದಿ. ಹಣೆಯಿಂದ ಕೆಳಗೆ ಏನೂ ಇಲ್ಲ. ಅದರ ಮೇಲೆ ಬಿಳಿ ಗೋಡೆ. ಗೋಡೆಯ ಮೇಲೆ, ಎರಡು ಕಾಲ ಮೇಲೆ ನಿಂತು, ಮುಂಗೈ ಎತ್ತಿ, ಬಾಯಿಂದ ಹೊಗೆ ಬಿಡುತ್ತಾ, ಇಡೀ ಕರಡಿ!

ನಾನು ಕೂಗಿದ ಕೂಗಿಗೆ ಗಲ್ಲಿಯ ಗೂಳಿ ಪಕ್ಕಕ್ಕೆ ಸರಿಯಿತು. ಫೋಟೋ ಹಿಡಿದು ಓಡಿದೆ. ಕಿಟಕಿಯ ಸರಳಿನ ನಡುವೆ ತೂರಿಸಿದೆ. ಕೊಟ್ಟೂರಯ್ಯ ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ಹಿಡಿದರು. 'ಎಡಗಿವಿ ಸೊಟ್ಟ ಐತಿ ನೋಡು. ಕೋತಿ ಜಗ್ಗಿ ಸೊಟ್ಟ ಮಾಡಿದ್ದು' ಎಂದರು.

ಪ್ರಕಾಶ ಬಂದು ನೋಡಿದ. ತಲೆ ಕೆರೆದುಕೊಂಡ. 'ಇನ್ನು ನಾಲ್ಕು ದಿನ ಕಾಯೋದು ಬೇಡ, ನಾಳೆಯೇ ಹೋಗೋಣ' ಎಂದ. ಮರುದಿನ ಒಂದೇ ಆಟೋದಲ್ಲಿ ಐವರು ಭೇಲೂಪುರಕ್ಕೆ ಹೋದೆವು. ಪ್ರಕಾಶ ಡ್ರೈವರಿನ ಪಕ್ಕ, ನಾವು ನಾಲ್ವರು ಹಿಂದೆ, ಬಾಯಿಯವರು ಅರ್ಧ ನನ್ನ ತೊಡೆಯ ಮೇಲೆ. 'ಕರಡಿ ಎಲ್ಲಾರನ್ನೂ ಕುಣಸಾಕತ್ತೈತಿ!' ಎಂದು ಕೊಟ್ಟೂರಯ್ಯ ಪ್ರತಿ ಗುಂಡಿಗೂ ಕೂಗಿದರು.

ಡಾಕ್ಟರು ಮೂವತ್ತೈದರ ಹುಡುಗ. ಫೋಟೋ ನೋಡಿ ಹುಬ್ಬೇರಿಸಿದರು. 'ಕರಡಿ ಸರಿ. ಆದರೆ ಇದೇ ಜಾಗ ಅನ್ನೋದಕ್ಕೆ?'

ಕೊಟ್ಟೂರಯ್ಯ ಚಿತ್ರದ ಮೂಲೆಗೆ ಬೆರಳಿಟ್ಟರು. ಗೋಡೆಯ ಪಕ್ಕದಲ್ಲಿ ಮೂರು ಕಲ್ಲುಕಂಬದ ಬಾವಿ. ಒಂದು ಕಂಬದ ತಲೆ ಮುರಿದಿದೆ. ಡಾಕ್ಟರು ಎದ್ದು ಹೊರಗೆ ನಡೆದರು. ಅವರ ಹಿಂದೆ ನಾವು, ನಮ್ಮ ಹಿಂದೆ ಸಾಲಿನಲ್ಲಿ ಕೂತಿದ್ದ ರೋಗಿಗಳೆಲ್ಲ. ಕ್ಲಿನಿಕ್ಕಿನ ಮುಂದೆ ಸ್ಕೂಟರು ನಿಲ್ಲಿಸುವ ಕಡೆ ಅದೇ ಬಾವಿ, ಮೇಲೆ ಕಾಂಕ್ರೀಟ್ ಮುಚ್ಚಿದ್ದಾರೆ. ಮೂರು ಕಂಬ. ಒಂದಕ್ಕೆ ತಲೆಯಿಲ್ಲ. ಡಾಕ್ಟರು ಫೋಟೋ ಎತ್ತಿ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಟ್ಟು ಒಂದು ಸ್ಕೂಟರಿನ ಮೇಲೆ ಬಿದ್ದರು. ಬಿದ್ದಲ್ಲಿಂದಲೇ ನಗತೊಡಗಿದರು.

'ಅಂದರೆ ನನ್ನ ಮೂರು ಪ್ರಶ್ನೆಗೂ ಬಾಬಾ ಸರಿ ಉತ್ತರವನ್ನೇ ಕೊಟ್ಟಿದ್ದಾರೆ!'

'ದ್ವಾದಶಿನೂ ಸರಿಯೇ' ಎಂದರು ನಮ್ಮವರು. 'ಪಂಚಾಂಗ ತಂದಿದ್ದೇನೆ, ಬೇಕಾದರೆ ನೋಡಿ.'

ರೋಗಿಗಳೆಲ್ಲ ಒಟ್ಟಿಗೆ ಮಾತಾಡಿದರು. ಜ್ವರ ಬಂದವರಿಗೂ ಕೆಮ್ಮಿನವರಿಗೂ ಈಗ ಕರಡಿ ನೆನಪಾಗಿತ್ತು. ಡಾಕ್ಟರು ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ಒಳಗೆ ಕೂರಿಸಿ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ಕೊಟ್ಟೂರಯ್ಯ ತೊಂಬತ್ತಮೂರು, ಎಂಬತ್ತಾರು ಎಂದು ಹಿಂದಿಯಲ್ಲಿ ಎಲ್ಲೂ ನಿಲ್ಲದೆ ಇಳಿದರು. 'ಎರಡು ಉಳಿಯಿತು. ಅದನ್ನು ನೀವೇ ಇಟ್ಟುಕೊಳ್ಳಿ ಡಾಕ್ಟರ್ ಸಾಹೇಬ' ಎಂದರು. ಡಾಕ್ಟರು ಹಳೆಯ ಚೀಟಿಯ ಮೇಲೆ ಅಡ್ಡಗೆರೆ ಎಳೆದು, ಮಾತ್ರೆ ನಿಲ್ಲಿಸಿ ಎಂದು ಬರೆದು, ಎದ್ದು ನಿಂತು ಅವರ ಕಾಲು ಮುಟ್ಟಿದರು. 'ನಾನು ಕೇಳಿದ್ದು ಸರಿ, ಆದರೆ ಯಾವ ಕರಡಿ ಎಂದು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು' ಎಂದರು. ದೊಡ್ಡ ಮನಸ್ಸಿನ ಮಾತು ಅದು.

ಪ್ರಕಾಶ ಮನೆಗೆ ಬಂದವನೇ ಬಾಗಿಲ ಬೀಗ ಕಳಚಿ ತಂದೆಯ ಕೈಗೆ ಕೊಟ್ಟ. 'ಅಪ್ಪಾಜಿ, ತಪ್ಪಾಯ್ತು' ಎಂದು ಕನ್ನಡದಲ್ಲೇ ಶುರುಮಾಡಿ ಕನ್ನಡದಲ್ಲೇ ಮುಗಿಸಿದ.

'ನೀ ಹೆದರಿ ಮಾಡಿದಿ, ದ್ವೇಷಕ್ಕ ಮಾಡಲಿಲ್ಲ. ನಡಿ, ಹಸಿವಾಗೈತಿ' ಎಂದರು ಅವರು.

ಕೊಟ್ಟೂರಯ್ಯನವರಿಗೆ ಬಾಗಿಲು ವಾಪಸು ಸಿಕ್ಕಿತು, ಅವರ ಮಾತಿಗೆ ಬೆಲೆ ಸಿಕ್ಕಿತು. ರಾಯಚೂರಿನ ಬಾಯಿಯವರ ಎದೆಯ ಭಾರ ಇಳಿಯಿತು. ಹೋದದ್ದು ಎರಡೂವರೆ ತಿಂಗಳು. ಎಪ್ಪತ್ತಾರರ ವಯಸ್ಸಿನಲ್ಲಿ ಅದು ಸಣ್ಣದಲ್ಲ. ಮಾತ್ರೆಯಿಂದ ಕಾಲಿನ ಕಸುವು ಸ್ವಲ್ಪ ಹೋಗಿತ್ತು, ಅದು ಪೂರ್ತಿ ತಿರುಗಿ ಬರಲಿಲ್ಲ. ದಶಾಶ್ವಮೇಧಕ್ಕೆ ಮೊದಲು ಅರ್ಧ ಗಂಟೆಗೆ ಹೋಗುತ್ತಿದ್ದವರು ಆಮೇಲೆ ಮುಕ್ಕಾಲು ಗಂಟೆಗೆ ಹೋದರು. ಆದರೆ ಒಬ್ಬರೇ ಹೋದರು.